ಪಾಸ್‌ವರ್ಡ್ ಸರಿಯಿದ್ದರೂ ಸರ್ವರ್ ಒಳಗೆ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ಸಣ್ಣ ತಂಡದ ಫೈಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ, ಆದರೆ ನಾನು ಮೂಲತಃ ಸಿಸ್ಟಮ್ ಅಡ್ಮಿನ್ ಅಲ್ಲ. ಹಳೆಯ ರೆಡ್ ಹ್ಯಾಟ್ ಸರ್ವರ್‌ನಿಂದ ಅದೇ ಬಳಗದ ಹೊಸ ಆವೃತ್ತಿಗೆ ಎಲ್ಲ ಖಾತೆಗಳನ್ನೂ ತಂದೆ. ಅಲ್ಲಿಂದ ಕಾಟ ಶುರುವಾಯಿತು. ಫೈಲ್ ಕಳಿಸಲು ಹಳೆಯ ವಿಧಾನವಾದ ಎಫ್‌ಟಿಪಿ ಬಳಸುವ ಒಬ್ಬರಿಗೆ ‘530 ಲಾಗಿನ್ ಇನ್‌ಕರೆಕ್ಟ್’ ಎಂದು ಬರುತ್ತದೆ. ಪಾಸ್‌ವರ್ಡ್ ಬದಲಿಸಿ ಬದಲಿಸಿ ಸಾಕಾಗಿದೆ. ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದೂರ-ಲಾಗಿನ್ ಮೂಲಕ ಫೈಲ್ ಕಳಿಸುವ ವಿಧಾನ) ಬಳಸುವ ಇನ್ನೊಬ್ಬರಿಗೆ ಪಾಸ್‌ವರ್ಡ್ ಹಿಡಿಸುತ್ತದೆ, ಆದರೆ ಮರುಕ್ಷಣವೇ ‘ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883’ ಎಂದು ಹೇಳಿ ಕನೆಕ್ಷನ್ ಕಡಿದುಹೋಗುತ್ತದೆ. ಇಬ್ಬರ ಶೆಲ್ಲೂ (ಲಾಗಿನ್ ಆದವರ ಕಮಾಂಡ್ ಓಡಿಸುವ ಪ್ರೋಗ್ರಾಮ್) ‘ನೋಲಾಗಿನ್’, ಅಂದರೆ ಕಮಾಂಡ್ ಓಡಿಸಲು ಬಿಡದ್ದು. ಹಳೆಯ ಸರ್ವರ್‌ನಲ್ಲೂ ಹಾಗೇ ಇತ್ತು, ಆಗೇನೂ ತೊಂದರೆ ಇರಲಿಲ್ಲ. ಗೊತ್ತಿರುವವರೊಬ್ಬರು ಹೇಳಿದರೆಂದು ಎಲ್ಲರ ಹೋಮ್ ಡೈರೆಕ್ಟರಿಗೂ 777 ಪರ್ಮಿಶನ್ (ಯಾರು ಬೇಕಾದರೂ ಓದಬಹುದು, ಬರೆಯಬಹುದು) ಕೊಟ್ಟೆ. ಅದಾದ ಮೇಲೆ ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸಿ ಸರಿಯಾಗಿಯೇ ನಡೆಯುತ್ತಿದ್ದ ಬ್ಯಾಕಪ್ ಖಾತೆಯೂ ಪಾಸ್‌ವರ್ಡ್ ಕೇಳತೊಡಗಿತು. ಈಗ ಅವರೇ ‘ಎಸ್‌ಇಲಿನಕ್ಸ್ (ಪ್ರೋಗ್ರಾಮುಗಳಿಗೆ ಹೆಚ್ಚುವರಿ ಕಡಿವಾಣ ಹಾಕುವ ಭದ್ರತಾ ವ್ಯವಸ್ಥೆ) ಆಫ್ ಮಾಡಿಬಿಡಿ’ ಎನ್ನುತ್ತಿದ್ದಾರೆ. ಇದರ ಮಧ್ಯೆ ಕೆಲವೊಮ್ಮೆ ನನ್ನ ಕಂಪ್ಯೂಟರ್‌ನಿಂದ ಸರ್ವರೇ ಸಿಗುವುದಿಲ್ಲ, ಅದೇ ಹೊತ್ತಿಗೆ ಮೊಬೈಲ್ ಇಂಟರ್‌ನೆಟ್‌ನಿಂದ ಸಿಗುತ್ತದೆ. ಸರ್ವರ್ ಹಾಳಾಗಿದೆಯೇ? ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಡ, ಏನನ್ನೂ ಅಳಿಸಬೇಡಿ. ಸರ್ವರ್ ಹಾಳಾಗಿಲ್ಲ. ನಿಮ್ಮ ಪತ್ರ ಓದಿದರೆ ‘ಲಾಗಿನ್ ಆಗುತ್ತಿಲ್ಲ’ ಎಂಬ ಒಂದೇ ದೂರಿನ ಕೆಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಅದರಲ್ಲಿ ಒಂದು 777ರಿಂದ ಬಂದದ್ದು. ಇನ್ನೊಂದು ಬಹುಶಃ ನೀವು ಪದೇ ಪದೇ ಪ್ರಯತ್ನಿಸಿದ್ದರಿಂದಲೇ ಹುಟ್ಟಿಕೊಂಡದ್ದು. ನಾಲ್ಕರಲ್ಲಿ ಒಂದಕ್ಕೂ ಪಾಸ್‌ವರ್ಡ್ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ.

ಮೊದಲು ಒಂದು ಅಭ್ಯಾಸ ಬಿಡಬೇಕು. ಕ್ಲೈಂಟ್ ಪರದೆಯ ಮೇಲೆ ಬರುವ ಸಂದೇಶ ನೋಡಿಕೊಂಡು ಊಹೆ ಮಾಡುವುದನ್ನು ಬಿಡಿ. ಆ ಸಂದೇಶವನ್ನು ಬೇಕೆಂದೇ ಮೊಂಡಾಗಿ ಇಟ್ಟಿರುತ್ತಾರೆ. ಇಲ್ಲದ ಬಳಕೆದಾರನ ಹೆಸರು ಕೊಟ್ಟರೂ ಎಫ್‌ಟಿಪಿ ಸರ್ವರ್ ಸಾಮಾನ್ಯವಾಗಿ 331 ಎಂದು ಹೇಳಿ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ 530 ಎಂದು ಕಳಿಸಿಬಿಡುತ್ತದೆ. ಪಾಸ್‌ವರ್ಡ್ ತಪ್ಪಿದರೂ ಅದೇ 530, ಖಾತೆ ಲಾಕ್ ಆಗಿದ್ದರೂ ಅದೇ 530. ಯಾವುದು ತಪ್ಪು ಎಂದು ಹೇಳಿದರೆ ಹೆಸರು ಊಹಿಸುತ್ತ ಕೂತ ದಾಳಿಕೋರನಿಗೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ನಿಜವಾದ ಕಾರಣವನ್ನು ಸರ್ವರ್ ತನ್ನ ಲಾಗ್‌ನಲ್ಲಿ ಮಾತ್ರ ಬರೆದುಕೊಳ್ಳುತ್ತದೆ.

ರೆಡ್ ಹ್ಯಾಟ್ ಬಳಗದಲ್ಲಿ ಆ ಲಾಗ್ ಇರುವುದು ವಾರ್ ಡೈರೆಕ್ಟರಿಯ ಲಾಗ್ ಒಳಗಿನ ‘ಸೆಕ್ಯೂರ್’ ಎಂಬ ಫೈಲಿನಲ್ಲಿ. ಡೆಬಿಯನ್, ಉಬುಂಟುಗಳಲ್ಲಿ ‘ಆತ್ ಡಾಟ್ ಲಾಗ್’. ಡೆಬಿಯನ್ 12ರಿಂದ ಆ ಫೈಲೇ ಕಾಣದಿರಬಹುದು, ಆಗ ಜರ್ನಲ್‌ಸಿಟಿಎಲ್ ಕಮಾಂಡಿನಲ್ಲೇ ನೋಡಬೇಕು. ಎರಡು ಟರ್ಮಿನಲ್ ವಿಂಡೋ ತೆರೆಯಿರಿ. ಒಂದರಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಲಾಗ್ ಹರಿಯಲು ಬಿಡಿ, ಇನ್ನೊಂದರಿಂದ ಒಂದೇ ಒಂದು ಸಲ ಲಾಗಿನ್ ಪ್ರಯತ್ನಿಸಿ. ಆ ಕ್ಷಣದಲ್ಲಿ ಯಾವ ಸಾಲು ಮೂಡಿತೋ ಅದನ್ನೇ ಹಿಡಿದು ಹೋಗಿ. ಏನೂ ಮೂಡದಿದ್ದರೆ ಅದೂ ಒಂದು ಉತ್ತರವೇ: ನಿಮ್ಮ ಪ್ರಯತ್ನ ಸರ್ವರ್‌ನ ಲಾಗಿನ್ ಹಂತದವರೆಗೆ ಬಂದೇ ಇಲ್ಲ, ದಾರಿಯಲ್ಲೇ ಎಲ್ಲೋ ನಿಂತಿದೆ.

530ರ ವಿಷಯಕ್ಕೆ ಬರೋಣ. ನಿಮ್ಮ ಎಫ್‌ಟಿಪಿ ಸರ್ವರ್ ವಿಎಸ್‌ಎಫ್‌ಟಿಪಿಡಿ ಇರಬೇಕು, ಆ ಬಳಗದಲ್ಲಿ ಅದೇ ರೂಢಿ. ಅದು ಪಾಸ್‌ವರ್ಡನ್ನು ತಾನೇ ಪರೀಕ್ಷಿಸುವುದಿಲ್ಲ, ಪ್ಯಾಮ್ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ಪ್ಯಾಮ್ ಹಲವು ತಪಾಸಣೆ ಮಾಡುತ್ತದೆ, ಪಾಸ್‌ವರ್ಡ್ ಅವುಗಳಲ್ಲಿ ಒಂದು ಅಷ್ಟೆ. ಲಾಗ್‌ನಲ್ಲಿ ‘ಪ್ಯಾಮ್-ಯುನಿಕ್ಸ್’ ಹೆಸರಿನೊಂದಿಗೆ ‘ಅಥೆಂಟಿಕೇಶನ್ ಫೇಲ್ಯೂರ್’ ಬಂದರೆ ಮಾತ್ರ ಪಾಸ್‌ವರ್ಡ್ ಹೊಂದಿಲ್ಲ ಎಂದರ್ಥ. ‘ಪ್ಯಾಮ್-ಲಿಸ್ಟ್‌ಫೈಲ್’ ಬಳಕೆದಾರನನ್ನು ನಿರಾಕರಿಸಿತು ಎಂದಿದ್ದರೆ ಆ ಹೆಸರು ‘ಎಫ್‌ಟಿಪಿಯೂಸರ್ಸ್’ ಫೈಲಿನಲ್ಲಿದೆ. ಹೆಸರು ನೋಡಿ ಮೋಸಹೋಗಬೇಡಿ, ಅದು ಎಫ್‌ಟಿಪಿ ಬಳಸಬಹುದಾದವರ ಪಟ್ಟಿಯಲ್ಲ, ಬಳಸಬಾರದವರ ಪಟ್ಟಿ. ಹೊಸ ಬಳಕೆದಾರನಿಗೆ ಅನುಮತಿ ಕೊಡುತ್ತಿದ್ದೇವೆ ಎಂದುಕೊಂಡು ಅದರಲ್ಲಿ ಹೆಸರು ಸೇರಿಸಿ, ಆಮೇಲೆ ದಿನವಿಡೀ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಇನ್ನು ಪಾಸ್‌ವರ್ಡ್ ಕೇಳುವ ಮೊದಲೇ 530 ಬಂದರೆ ಆಗ ವಿಎಸ್‌ಎಫ್‌ಟಿಪಿಡಿಯ ಸ್ವಂತ ಬಳಕೆದಾರರ ಪಟ್ಟಿಯಾದ ಯೂಸರ್-ಲಿಸ್ಟ್ ನೋಡಿ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಇವೆರಡರ ಮೇಲೂ ಇಲ್ಲ, ‘ನೋಲಾಗಿನ್’ ಮೇಲಿದೆ. ವಿಎಸ್‌ಎಫ್‌ಟಿಪಿಡಿಯ ಪ್ಯಾಮ್ ಫೈಲಿನಲ್ಲಿ ‘ಪ್ಯಾಮ್-ಶೆಲ್ಸ್’ ಎಂಬ ಸಾಲಿದೆ. ಬಳಕೆದಾರನ ಶೆಲ್ ಇಟಿಸಿ ಡೈರೆಕ್ಟರಿಯ ‘ಶೆಲ್ಸ್’ ಫೈಲಿನಲ್ಲಿ ಇಲ್ಲದಿದ್ದರೆ, ಪಾಸ್‌ವರ್ಡ್ ನೂರಕ್ಕೆ ನೂರು ಸರಿಯಿದ್ದರೂ ಅದು ಒಳಗೆ ಬಿಡುವುದಿಲ್ಲ. ಹಳೆಯ ರೆಡ್ ಹ್ಯಾಟ್ ಮತ್ತು ಫೆಡೋರಾ ಆವೃತ್ತಿಗಳಲ್ಲಿ ‘ನೋಲಾಗಿನ್’ ಆ ಫೈಲಿನಲ್ಲೇ ಇತ್ತು. 2018ರಲ್ಲಿ ಅದನ್ನು ಸಿವಿಇ-2018-1113 ಎಂಬ ಸಂಖ್ಯೆಯ ಭದ್ರತಾ ದೋಷವೆಂದು ದಾಖಲಿಸಿ ಆ ಸಾಲನ್ನು ತೆಗೆದರು. ಆ ಪಟ್ಟಿಯಲ್ಲಿರುವ ಶೆಲ್ ಎಂದರೆ ಪೂರ್ಣ ಬಳಕೆದಾರ ಎಂದು ಹಲವು ಸೇವೆಗಳು ನಂಬುತ್ತವೆ. ಒಳಗೆ ಬರಲೇಬಾರದ ಖಾತೆಗಳಿಗೆ ಕೊಡುವ ಶೆಲ್ಲನ್ನು ಅದೇ ಪಟ್ಟಿಯಲ್ಲಿ ಇಡುವುದು ಸರಿಯಲ್ಲ ಎಂಬುದು ಕಾರಣ. ‘ಹಳೆಯದರಲ್ಲಿ ನಡೆಯುತ್ತಿತ್ತು, ಹೊಸದರಲ್ಲಿ ಇಲ್ಲ’ ಎಂಬ ನಿಮ್ಮ ಒಗಟಿಗೆ ಬಹುಮಟ್ಟಿಗೆ ಇದೇ ಉತ್ತರ.

ಹಾಗಾದರೆ ‘ನೋಲಾಗಿನ್’ ಸಾಲನ್ನು ವಾಪಸ್ ಸೇರಿಸಿಬಿಡಬಹುದಲ್ಲ? ಹುಡುಕಿದಲ್ಲೆಲ್ಲ ಇದೇ ಸಲಹೆ ಸಿಗುತ್ತದೆ. ಕೆಲಸವೂ ಆಗುತ್ತದೆ. ಆದರೆ ಇಡೀ ಯಂತ್ರದಲ್ಲಿ ಮುಚ್ಚಿದ ದೋಷವನ್ನು ಒಬ್ಬ ಬಳಕೆದಾರನಿಗಾಗಿ ಮತ್ತೆ ತೆರೆದಂತಾಗುತ್ತದೆ. ವಿಎಸ್‌ಎಫ್‌ಟಿಪಿಡಿಯ ಪ್ಯಾಮ್ ಫೈಲಿನಿಂದ ಮಾತ್ರ ‘ಪ್ಯಾಮ್-ಶೆಲ್ಸ್’ ಸಾಲು ತೆಗೆಯುವುದು ಇದಕ್ಕಿಂತ ವಾಸಿ, ಪರಿಣಾಮ ಎಫ್‌ಟಿಪಿಗಷ್ಟೇ ಸೀಮಿತ. ಅದನ್ನು ಮಾಡಿದರೆ ಜೊತೆಗೆ ಯೂಸರ್-ಲಿಸ್ಟ್ ಆನ್ ಮಾಡಿ, ಅದರ ‘ಡಿನೈ’ ಆಯ್ಕೆಗೆ ‘ನೋ’ ಕೊಟ್ಟು, ಎಫ್‌ಟಿಪಿ ಬೇಕಾದವರ ಹೆಸರುಗಳನ್ನು ಮಾತ್ರ ಬರೆಯಿರಿ. ಇಲ್ಲದಿದ್ದರೆ ಪಾಸ್‌ವರ್ಡ್ ಇರುವ ಯಾವ ನೋಲಾಗಿನ್ ಖಾತೆಯಾದರೂ ಎಫ್‌ಟಿಪಿಯಿಂದ ಒಳಗೆ ಬರಬಹುದು. ‘ಚೆಕ್-ಶೆಲ್’ ಆಯ್ಕೆಗೆ ‘ನೋ’ ಕೊಡಿ ಎಂಬ ಇನ್ನೊಂದು ಸಲಹೆಯೂ ಓಡಾಡುತ್ತದೆ. ಪ್ಯಾಮ್ ಇಲ್ಲದೆ ಕಟ್ಟಿದ ವಿಎಸ್‌ಎಫ್‌ಟಿಪಿಡಿಗೆ ಮಾತ್ರ ಅದು ಅನ್ವಯ, ನಿಮ್ಮಲ್ಲಿ ಬರೆದರೂ ಒಂದೇ, ಬಿಟ್ಟರೂ ಒಂದೇ.

ಶೆಲ್ ಸರಿಮಾಡಿದ ಮೇಲೂ 530 ಬಂದರೆ ಖಾತೆ ಲಾಕ್ ಆಗಿದೆಯೇ ನೋಡಿ. ಪ್ಯಾಮ್‌ನ ‘ಫೇಲ್‌ಲಾಕ್’ ಆನ್ ಆಗಿದ್ದರೆ, ಅದರ ಡೀಫಾಲ್ಟ್ ಪ್ರಕಾರ ಮೂರು ತಪ್ಪು ಪ್ರಯತ್ನಕ್ಕೆ 600 ಸೆಕೆಂಡ್ ಬೀಗ. ಆ ಹತ್ತು ನಿಮಿಷದಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಿರಸ್ಕಾರವೇ. ನೀವು ಪಾಸ್‌ವರ್ಡ್ ಬದಲಿಸುತ್ತೀರಿ, ಅವರ ಕಂಪ್ಯೂಟರಿನ ಕ್ಲೈಂಟ್ ಹಳೆಯದನ್ನೇ ನೆನಪಿಟ್ಟುಕೊಂಡು ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಖಾತೆ ಮತ್ತೆ ಲಾಕ್ ಆಗುತ್ತದೆ, ‘ಹೊಸದೂ ಹಿಡಿಸುತ್ತಿಲ್ಲ’ ಎಂದು ಫೋನ್ ಬರುತ್ತದೆ. ಫೇಲ್‌ಲಾಕ್ ಕಮಾಂಡಿಗೆ ಬಳಕೆದಾರನ ಹೆಸರು ಕೊಟ್ಟರೆ ಎಣಿಕೆ ತೋರಿಸುತ್ತದೆ, ರೀಸೆಟ್ ಆಯ್ಕೆ ಕೊಟ್ಟರೆ ಅಳಿಸುತ್ತದೆ. ಅದಕ್ಕೂ ಮೊದಲು ಆ ಕ್ಲೈಂಟಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಅಳಿಸಿ. ಪಾಸ್‌ವರ್ಡ್ ಅವಧಿ ಮುಗಿದಿದೆಯೇ ಎಂದು ‘ಚೇಜ್’ ಕಮಾಂಡಿನಲ್ಲೂ ಒಮ್ಮೆ ಕಣ್ಣಾಡಿಸಿ. ಟರ್ಮಿನಲ್‌ನಲ್ಲಿ ಬಂದವರಿಗಾದರೆ ‘ಹೊಸ ಪಾಸ್‌ವರ್ಡ್ ಹಾಕಿ’ ಎಂದು ಕೇಳಬಹುದು, ಎಫ್‌ಟಿಪಿಯಲ್ಲಿ ಹಾಗೆ ಕೇಳುವ ದಾರಿಯೇ ಇಲ್ಲ.

ಎರಡನೆಯದು ನನಗೆ ಇಷ್ಟವಾದ ತೊಂದರೆ, ಏಕೆಂದರೆ ಆ ದೊಡ್ಡ ಸಂಖ್ಯೆಯೊಳಗೇ ಉತ್ತರವಿದೆ. ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್‌ಗಳು ಆ ಸಂದೇಶದ ಉದ್ದ ಹೇಳಬೇಕು. ನಿಮ್ಮ ಕ್ಲೈಂಟ್ ಓದಿದ ನಾಲ್ಕು ಬೈಟ್‌ಗಳು 84, 104, 105, 115. ಇವನ್ನು ಒಂದೇ ಸಂಖ್ಯೆಯಾಗಿ ಜೋಡಿಸಿದರೆ 1416128883. ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಒಪ್ಪುವ ಗರಿಷ್ಠ ಉದ್ದ 262144 ಬೈಟ್, ಅದಕ್ಕೇ ‘ತೀರಾ ಉದ್ದ’ ಎಂದು ಕೈಬಿಟ್ಟಿತು. ಅದೇ ನಾಲ್ಕು ಬೈಟ್‌ಗಳನ್ನು ಆಸ್ಕಿ ಅಕ್ಷರಗಳಾಗಿ ಓದಿ ನೋಡಿ: ಟಿ, ಎಚ್, ಐ, ಎಸ್. ‘ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್’ ಎಂಬ ವಾಕ್ಯದ ಮೊದಲ ಪದ ಅದು, ನೋಲಾಗಿನ್ ಶೆಲ್ ಮುದ್ರಿಸುವ ವಾಕ್ಯ. ಸರ್ವರ್ ಪಾಸ್‌ವರ್ಡ್ ಒಪ್ಪಿತು, ಎಸ್‌ಎಫ್‌ಟಿಪಿ ಪ್ರೋಗ್ರಾಮನ್ನು ಬಳಕೆದಾರನ ಶೆಲ್ ಮೂಲಕ ಶುರು ಮಾಡಲು ಹೋಯಿತು, ಶೆಲ್ ‘ಈ ಖಾತೆ ಸದ್ಯಕ್ಕಿಲ್ಲ’ ಎಂದು ಹೇಳಿ ಮುಚ್ಚಿಕೊಂಡಿತು. ಆ ಮಾತನ್ನೇ ಕ್ಲೈಂಟ್ ಉದ್ದವೆಂದು ಓದಿತು.

(ಬೇರೆ ಸಂಖ್ಯೆ ಬರುತ್ತಿದ್ದರೆ ಕಾರಣವೂ ಬೇರೆ. ಬ್ಯಾಶ್ ಎಂಬ ಸಾಮಾನ್ಯ ಶೆಲ್ ಶುರುವಿನಲ್ಲಿ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಯಾರಾದರೂ ಸ್ವಾಗತ ಸಂದೇಶ ಮುದ್ರಿಸುವ ಸಾಲು ಬರೆದಿದ್ದರೂ ಹೀಗೇ ಆಗುತ್ತದೆ. ಸಂಖ್ಯೆಯನ್ನು ಬೈಟ್‌ಗಳಾಗಿ ಒಡೆದರೆ ಆ ಸಂದೇಶದ ಮೊದಲ ನಾಲ್ಕು ಅಕ್ಷರ ಸಿಗುತ್ತದೆ.)

ಹಳೆಯ ಸರ್ವರ್‌ನಲ್ಲಿ ಇದು ನಡೆಯುತ್ತಿತ್ತೆಂದರೆ ಅಲ್ಲಿನ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್) ಕಾನ್ಫಿಗ್‌ನಲ್ಲಿ ಯಾರೋ ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಹಾಕಿದ್ದರು ಎಂದೇ ತಿಳಿಯಿರಿ. ಅದು ಎಸ್‌ಎಸ್‌ಎಚ್‌ಡಿಯ ಒಳಗೇ ನಡೆಯುತ್ತದೆ, ಶೆಲ್‌ನ ಹಂಗಿಲ್ಲ. ಹೊಸ ಸರ್ವರ್‌ನ ಡೀಫಾಲ್ಟ್ ಬೇರೆ ಪ್ರೋಗ್ರಾಮಿನತ್ತ ಕೈ ತೋರಿಸುತ್ತದೆ. ಆ ಪ್ರೋಗ್ರಾಮನ್ನು ಹೆಸರಿಸುವ ಸಬ್‌ಸಿಸ್ಟಮ್ ಸಾಲನ್ನು ಇಂಟರ್ನಲ್-ಎಸ್‌ಎಫ್‌ಟಿಪಿಗೆ ಬದಲಿಸಿದರೆ ಈ ತೊಂದರೆ ಹೋಗುತ್ತದೆ. ಬಳಕೆದಾರನಿಗೆ ಬ್ಯಾಶ್ ಶೆಲ್ ಕೊಟ್ಟುಬಿಡುವುದು ಸುಲಭದ ದಾರಿ, ಆದರೆ ಆಗ ಫೈಲ್ ಕಳಿಸಬೇಕಾದವರಿಗೆ ಸರ್ವರ್‌ನಲ್ಲಿ ಕಮಾಂಡ್ ಓಡಿಸುವ ಹಕ್ಕನ್ನೂ ಕೊಟ್ಟಂತಾಗುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. ಅದರ ಬದಲು ಫೈಲ್ ವರ್ಗಾವಣೆಯವರಿಗೆಂದೇ ಒಂದು ಗ್ರೂಪ್ ಮಾಡಿ, ಕಾನ್ಫಿಗ್‌ನ ಕೊನೆಯಲ್ಲಿ ಆ ಗ್ರೂಪಿಗಷ್ಟೇ ಅನ್ವಯಿಸುವ ಮ್ಯಾಚ್ ಬ್ಲಾಕ್ ಬರೆದು, ಅದರೊಳಗೆ ಫೋರ್ಸ್‌ಕಮಾಂಡ್ ಆಗಿ ಇಂಟರ್ನಲ್-ಎಸ್‌ಎಫ್‌ಟಿಪಿ ಹಾಕಿ. ಟಿಸಿಪಿ ಫಾರ್ವರ್ಡಿಂಗ್‌ಗೆ ಅಲ್ಲೇ ‘ನೋ’ ಕೊಡಿ. ಇದನ್ನು ಬಹಳ ಜನ ಮರೆಯುತ್ತಾರೆ: ಶೆಲ್ ನೋಲಾಗಿನ್ ಇದ್ದರೂ ಲಾಗಿನ್ ಆದವರು ನಿಮ್ಮ ಸರ್ವರ್ ಮೂಲಕ ಒಳಗಿನ ನೆಟ್‌ವರ್ಕ್‌ಗೆ ಸುರಂಗ ತೋಡಬಹುದು, ಫಾರ್ವರ್ಡಿಂಗ್‌ಗೆ ಶೆಲ್ ಬೇಕಿಲ್ಲ.

ಬಳಕೆದಾರನನ್ನು ಅವನ ಡೈರೆಕ್ಟರಿಯೊಳಗೇ ಕಟ್ಟಿಹಾಕುವ ಸಿಎಚ್‌ರೂಟ್ ಬಳಸಿದರೆ ಮುಂದಿನ ಎಡವುಗಲ್ಲು ಎದುರಾಗುತ್ತದೆ. ಸಿಎಚ್‌ರೂಟ್ ಡೈರೆಕ್ಟರಿ ಮತ್ತು ಅದರ ಮೇಲಿನ ಪ್ರತಿಯೊಂದು ಡೈರೆಕ್ಟರಿ, ಎಲ್ಲಕ್ಕೂ ಮೇಲಿನ ಸ್ಲ್ಯಾಶ್‌ವರೆಗೂ, ರೂಟ್ ಒಡೆತನದಲ್ಲಿರಬೇಕು. ಗ್ರೂಪಿಗಾಗಲಿ ಉಳಿದವರಿಗಾಗಲಿ ಬರೆಯುವ ಅನುಮತಿ ಇರಕೂಡದು. ಒಂದು ಕಡೆ ತಪ್ಪಿದರೂ ಲಾಗ್‌ನಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಸಿಎಚ್‌ರೂಟ್ ಡೈರೆಕ್ಟರಿ’ ಎಂದು ಬರೆದು ಕನೆಕ್ಷನ್ ಕಡಿಯುತ್ತದೆ. ಕ್ಲೈಂಟಿಗೆ ಕಾಣುವುದು ‘ಬ್ರೋಕನ್ ಪೈಪ್’ ಮಾತ್ರ. ‘ನೇಮ್‌ಐ’ ಕಮಾಂಡಿಗೆ ಎಲ್ ಆಯ್ಕೆಯ ಜೊತೆ ಪೂರ್ತಿ ಪಾತ್ ಕೊಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಒಡೆತನ, ಪರ್ಮಿಶನ್ ತೋರಿಸುತ್ತದೆ. ಮೇಲಿನದು ರೂಟ್ ಹೆಸರಲ್ಲಿ 755 ಇರಲಿ, ಅದರೊಳಗೆ ‘ಅಪ್‌ಲೋಡ್’ ಎಂಬ ಡೈರೆಕ್ಟರಿ ಮಾಡಿ ಅದನ್ನು ಬಳಕೆದಾರನ ಹೆಸರಿಗೆ ಕೊಡಿ. ‘ನನ್ನ ಹೋಮ್‌ನಲ್ಲಿ ನಾನೇ ಫೈಲ್ ಇಡುವ ಹಾಗಿಲ್ಲವೇ’ ಎಂಬ ತಕರಾರು ಬಂದೇ ಬರುತ್ತದೆ. ಅದಕ್ಕೆ ಈ ಅಪ್‌ಲೋಡ್ ಡೈರೆಕ್ಟರಿಯೇ ಉತ್ತರ.

ಇನ್ನು 777. ‘ಪರ್ಮಿಶನ್ ಸಾಲದೆ ಲಾಗಿನ್ ಆಗುತ್ತಿಲ್ಲ, ಎಲ್ಲ ತೆರೆದಿಟ್ಟರೆ ಆಗುತ್ತದೆ’ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ ಅನುಭವಸ್ಥರೂ ಹೇಳುತ್ತಾರೆ. ಎಸ್‌ಎಸ್‌ಎಚ್ ಮಟ್ಟಿಗೆ ವಿಷಯ ತಿರುಗುಮುರುಗು. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದಾದರೆ, ಯಾರೋ ಅಲ್ಲಿನ ಎಸ್‌ಎಸ್‌ಎಚ್ ಡೈರೆಕ್ಟರಿಯ ಹೆಸರು ಬದಲಿಸಿ, ತಮ್ಮ ಕೀ ಇರುವ ಇನ್ನೊಂದನ್ನು ಅದರ ಜಾಗದಲ್ಲಿ ಇಡಬಹುದು. ಆಮೇಲೆ ಆ ಖಾತೆ ಅವರದೇ. ಇದಕ್ಕಾಗಿಯೇ ಎಸ್‌ಎಸ್‌ಎಚ್‌ಡಿಯಲ್ಲಿ ‘ಸ್ಟ್ರಿಕ್ಟ್‌ಮೋಡ್ಸ್’ ಡೀಫಾಲ್ಟ್ ಆಗಿಯೇ ಆನ್ ಇರುತ್ತದೆ. ಹೋಮ್, ಎಸ್‌ಎಸ್‌ಎಚ್ ಡೈರೆಕ್ಟರಿ, ‘ಆಥರೈಸ್ಡ್ ಕೀಸ್’ ಫೈಲು, ಈ ಮೂರರಲ್ಲಿ ಯಾವುದಕ್ಕೆ ಬೇರೆಯವರು ಬರೆಯುವಂತಿದ್ದರೂ ಕೀಯನ್ನು ನಂಬುವುದಿಲ್ಲ, ಸುಮ್ಮನೆ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಬ್ಯಾಕಪ್ ಖಾತೆಗೆ ಆದದ್ದು ಇದೇ. ಲಾಗ್‌ನಲ್ಲಿ ‘ಅಥೆಂಟಿಕೇಶನ್ ರೆಫ್ಯೂಸ್ಡ್’ ಎಂಬ ಸಾಲು ಆ ಹೋಮ್‌ನ ಹೆಸರಿನೊಂದಿಗೇ ಇರುತ್ತದೆ. ಸಿಎಚ್‌ರೂಟ್ ಹಾಕದ ಹೋಮ್‌ಗೆ 700, ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಕೀ ಫೈಲಿಗೆ 600 ಕೊಡಿ, ಮೂರೂ ಆ ಬಳಕೆದಾರನ ಹೆಸರಲ್ಲಿರಲಿ. ಸ್ಟ್ರಿಕ್ಟ್‌ಮೋಡ್ಸ್ ಆಫ್ ಮಾಡಿದರೂ ಲಾಗಿನ್ ಆಗುತ್ತದೆ ನಿಜ, ಆದರೆ ಆ ಸ್ವಿಚ್ಚನ್ನು ಮುಟ್ಟುವ ಕಾರಣ ನಿಮ್ಮಲ್ಲಿಲ್ಲ.

777ನ್ನು ಒಂದೇ ಏಟಿಗೆ ಎಲ್ಲ ಉಪಡೈರೆಕ್ಟರಿಗಳಿಗೂ ಕೊಟ್ಟಿದ್ದರೆ ಸ್ವಲ್ಪ ಕೆಲಸ ಹೆಚ್ಚು. ಖಾಸಗಿ ಕೀ ಫೈಲುಗಳು ಅದರಲ್ಲಿ ಸೇರಿದ್ದರೆ, ಸರ್ವರ್‌ನಲ್ಲಿ ಬೇರೆಯವರ ಖಾತೆಗಳೂ ಇರುವುದರಿಂದ, ಅವನ್ನು ಬದಲಿಸಿಬಿಡುವುದೇ ಒಳ್ಳೆಯದು. ಯಾರೂ ಓದಿರಲಿಕ್ಕಿಲ್ಲ. ಆದರೆ ‘ಇರಲಿಕ್ಕಿಲ್ಲ’ ಎಂಬುದರ ಮೇಲೆ ಬ್ಯಾಕಪ್ ಇಡಲಾಗದು.

ಪರ್ಮಿಶನ್ ಸರಿಮಾಡಿದ ಮೇಲೂ ಕೀ ಹಿಡಿಸದಿದ್ದರೆ ಎರಡು ಸಾಧ್ಯತೆ. ಒಂದು, ಬ್ಯಾಕಪ್ ಕಳಿಸುವ ಕಡೆಯ ಕ್ಲೈಂಟ್ ತೀರಾ ಹಳೆಯದು. ಆರ್‌ಎಸ್‌ಎ ಬಗೆಯ ಕೀಯನ್ನು ಎಸ್‌ಎಚ್‌ಎ-1 ಎಂಬ ಹಳೆಯ ಬಗೆಯ ಸಹಿಯೊಂದಿಗೆ ಬಳಸುವುದನ್ನು ಓಪನ್‌ಎಸ್‌ಎಸ್‌ಎಚ್ 2021ರ 8.8 ಆವೃತ್ತಿಯಲ್ಲಿ ಡೀಫಾಲ್ಟ್ ಆಗಿ ನಿಲ್ಲಿಸಿತು. ರೆಡ್ ಹ್ಯಾಟ್ 9 ತನ್ನ ಕ್ರಿಪ್ಟೊ ಪಾಲಿಸಿಯಿಂದಲೇ ಅದನ್ನು ತಡೆಯುತ್ತದೆ. ಆರ್‌ಎಸ್‌ಎ ಕೀ ಹಳೆಯದಾದರೆ ತೊಂದರೆಯಿಲ್ಲ, ಸಹಿ ಹಾಕುವ ಪ್ರೋಗ್ರಾಮ್ ಹಳೆಯದಾದರೆ ತೊಂದರೆ. ಕ್ಲೈಂಟ್ ಅಪ್‌ಡೇಟ್ ಮಾಡಿ, ಸಾಧ್ಯವಾದರೆ ಇಡಿ25519 ಎಂಬ ಹೊಸ ಬಗೆಯ ಕೀ ಮಾಡಿಕೊಳ್ಳಿ. ಇಡೀ ಸರ್ವರ್‌ನ ಪಾಲಿಸಿಯನ್ನು ಸಡಿಲಿಸುವ ಸಲಹೆ ಸಿಕ್ಕರೆ ಕಿವಿಗೊಡಬೇಡಿ.

ಇನ್ನೊಂದು ಸಾಧ್ಯತೆ ಎಸ್‌ಇಲಿನಕ್ಸ್, ಇಲ್ಲಿ ನಿಮ್ಮ ಪರಿಚಯದವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹಳೆಯ ಸರ್ವರ್‌ನಿಂದ ಫೈಲ್ ತಂದಾಗ ಅವುಗಳ ಎಸ್‌ಇಲಿನಕ್ಸ್ ಲೇಬಲ್ ತಪ್ಪಿರುವುದು ಮಾಮೂಲು. ಪರ್ಮಿಶನ್ ಎಲ್ಲ ಸರಿಯಿದ್ದರೂ ಆಗ ಎಸ್‌ಎಸ್‌ಎಚ್‌ಡಿಗೆ ಕೀ ಫೈಲನ್ನು ಓದಲಾಗುವುದಿಲ್ಲ. ಅದಕ್ಕೆ ಮದ್ದು ‘ರಿಸ್ಟೋರ್‌ಕಾನ್’, ಹೋಮ್ ಡೈರೆಕ್ಟರಿಯ ಮೇಲೆ ಓಡಿಸಿದರೆ ಲೇಬಲ್‌ಗಳು ಸರಿಯಾಗುತ್ತವೆ. ಹೋಮ್‌ಗಳನ್ನು ಬೇರೆ ಡಿಸ್ಕ್‌ನ ಬೇರೆ ಪಾತ್‌ನಲ್ಲಿ ಇಟ್ಟಿದ್ದರೆ ಮೊದಲು ‘ಎಸ್‌ಇಮ್ಯಾನೇಜ್’ ಬಳಸಿ ‘ಇದನ್ನೂ ಹೋಮ್ ಎಂದೇ ತಿಳಿ’ ಎಂದು ಹೇಳಬೇಕು. ಕಾರಣ ಅದೇ ಹೌದೋ ಅಲ್ಲವೋ ನೋಡಲು ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಒಂದು ಸಲ ಲಾಗಿನ್ ಪರೀಕ್ಷಿಸಿ, ಕೂಡಲೇ 1 ಕೊಟ್ಟು ವಾಪಸ್ ಬನ್ನಿ. ಅಷ್ಟು ನಾನೂ ಮಾಡುತ್ತೇನೆ. ಶಾಶ್ವತವಾಗಿ ಆಫ್ ಮಾಡುವುದು ಬೇರೆ ಕಥೆ: ಆ ಅವಧಿಯಲ್ಲಿ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರುವುದಿಲ್ಲ, ಮುಂದೆಂದಾದರೂ ಆನ್ ಮಾಡುವಾಗ ಇಡೀ ಫೈಲ್ ಸಿಸ್ಟಮ್‌ಗೆ ಲೇಬಲ್ ಹಚ್ಚಬೇಕಾಗುತ್ತದೆ.

ನಿಮ್ಮ ಕಂಪ್ಯೂಟರ್‌ನಿಂದ ಸಿಗದೆ ಮೊಬೈಲ್‌ನಿಂದ ಸಿಗುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪದೇ ಪದೇ ತಪ್ಪು ಪ್ರಯತ್ನ ಕಂಡು ಸರ್ವರ್ ನಿಮ್ಮ ಐಪಿ ವಿಳಾಸವನ್ನೇ ತಡೆಹಿಡಿದಿರಬೇಕು. ಇದೇ ಕೆಲಸಕ್ಕಿರುವ ಫೇಲ್‌ಟುಬ್ಯಾನ್ ಪ್ರೋಗ್ರಾಮ್ ಇದ್ದರೆ ಡೀಫಾಲ್ಟ್ ಆಗಿ ಹತ್ತು ನಿಮಿಷದಲ್ಲಿ ಐದು ಸೋಲಿಗೆ ಹತ್ತು ನಿಮಿಷದ ನಿಷೇಧ. ಅದನ್ನು ಹಾಕಿಲ್ಲ ಎಂದಾದರೂ, 2024ರ ಓಪನ್‌ಎಸ್‌ಎಸ್‌ಎಚ್ 9.8ರಿಂದ ಎಸ್‌ಎಸ್‌ಎಚ್‌ಡಿಯೇ ಇಂಥ ದಂಡ ವಿಧಿಸುತ್ತದೆ. ನಿಷೇಧಿತರ ಪಟ್ಟಿಯಿಂದ ನಿಮ್ಮ ವಿಳಾಸ ತೆಗೆಯಿರಿ, ಪರೀಕ್ಷೆ ಮುಗಿಯುವವರೆಗೆ ಅದನ್ನು ವಿನಾಯಿತಿಯಲ್ಲಿಡಿ. ಇಡೀ ಕಾವಲನ್ನೇ ನಿಲ್ಲಿಸಬೇಡಿ.

ನೀವು ಕೇಳದ ಒಂದು ಮಾತು. ಎಫ್‌ಟಿಪಿಯ ಮೊದಲ ಕರಡು 1971ರದ್ದು, ಇಂದಿಗೂ ಬಳಕೆಯಲ್ಲಿರುವ ಅದರ ಮೂಲ ನಿಯಮಾವಳಿ 1985ರದ್ದು. ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆ ಹಾಕದಿದ್ದರೆ ಅದು ಪಾಸ್‌ವರ್ಡನ್ನು ಬಿಚ್ಚಿಟ್ಟ ಪೋಸ್ಟ್‌ಕಾರ್ಡಿನಂತೆ ಸಾಗಿಸುತ್ತದೆ. ಆ ಒಬ್ಬ ಬಳಕೆದಾರರನ್ನು ಎಸ್‌ಎಫ್‌ಟಿಪಿಗೆ ತರಲು ಸಾಧ್ಯವಾದರೆ ಶೆಲ್ಸ್ ಫೈಲು, ಪ್ಯಾಮ್ ಫೈಲು ಯಾವುದನ್ನೂ ಮುಟ್ಟದೆ ಮೊದಲ ತೊಂದರೆ ಇಲ್ಲವಾಗುತ್ತದೆ. ಇವತ್ತಿನ ಮುಖ್ಯ ಎಫ್‌ಟಿಪಿ ಕ್ಲೈಂಟ್‌ಗಳೆಲ್ಲ ಎಸ್‌ಎಫ್‌ಟಿಪಿಯನ್ನೂ ಬಲ್ಲವು, ಪೋರ್ಟ್ 21ರ ಬದಲು 22. ಅವರ ಕಡೆ ಎಫ್‌ಟಿಪಿ ಮಾತ್ರ ಗೊತ್ತಿರುವ ಹಳೆಯ ಸ್ಕ್ಯಾನರೋ ಯಂತ್ರವೋ ಇದ್ದರೆ ಮಾತ್ರ ಎಫ್‌ಟಿಪಿ ಉಳಿಸಿ, ಅದೂ ಆ ಯಂತ್ರದ ವಿಳಾಸಕ್ಕಷ್ಟೇ ಫೈರ್‌ವಾಲ್ ತೆರೆದು.

ಯಾವ ಕ್ರಮದಲ್ಲಿ ಮಾಡಬೇಕು? ಮೊದಲು ನಿಮ್ಮ ಐಪಿ ನಿಷೇಧ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬಲಾಗದು. ಆಮೇಲೆ 777 ಸರಿಪಡಿಸಿ, ಇವತ್ತೇ. ಬ್ಯಾಕಪ್ ನಡೆಯದೆ ಎಷ್ಟು ರಾತ್ರಿಯಾಯಿತೋ ನೋಡಿಕೊಳ್ಳಿ. ನಂತರ ಎಸ್‌ಎಸ್‌ಎಚ್‌ಡಿ ಕಾನ್ಫಿಗ್. ಇಲ್ಲೊಂದು ಸಿಕ್ಕು: ಆ ಕಾನ್ಫಿಗ್‌ನಲ್ಲಿ ಒಂದೇ ಆಯ್ಕೆ ಎರಡು ಕಡೆ ಇದ್ದರೆ ಮೊದಲು ಸಿಕ್ಕ ಬೆಲೆಯೇ ಗೆಲ್ಲುತ್ತದೆ, ಮತ್ತು ಹೊಸ ಆವೃತ್ತಿಗಳಲ್ಲಿ ಮುಖ್ಯ ಫೈಲಿನ ತಲೆಯಲ್ಲೇ ಬೇರೆ ಡೈರೆಕ್ಟರಿಯ ಫೈಲುಗಳನ್ನು ಸೇರಿಸಿಕೊಳ್ಳುವ ಸಾಲಿರುತ್ತದೆ. ನೀವು ಕೆಳಗೆ ಎಷ್ಟು ತಿದ್ದಿದರೂ ಅಲ್ಲಿನದೇ ನಡೆಯಬಹುದು. ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಆಯ್ಕೆ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವುದನ್ನು ಪೂರ್ತಿ ಮುದ್ರಿಸುತ್ತದೆ, ಚಿಕ್ಕ ಟಿ ಕೊಟ್ಟರೆ ಬರಹದ ತಪ್ಪಿದ್ದರೆ ಹೇಳುತ್ತದೆ. ಇವೆರಡನ್ನೂ ನೋಡಿದ ಮೇಲೆ ರೀಲೋಡ್ ಮಾಡಿ. ಹಾಗೆ ಮಾಡುವಾಗ ಈಗ ತೆರೆದಿರುವ ರೂಟ್ ಸೆಶನ್ ಮುಚ್ಚಬೇಡಿ. ಹೊಸ ವಿಂಡೋದಿಂದ ಹೊಸದಾಗಿ ಲಾಗಿನ್ ಆಗಿ, ಫೈಲೊಂದನ್ನು ಕಳಿಸಿ ನೋಡಿ, ಅದು ಹೋಗಿ ತಲುಪಿದ ಮೇಲೆ ಹಳೆಯದನ್ನು ಮುಚ್ಚಿ.